ವಿದೇಶ ಪಯಣಕ್ಕೆ ಹಣ ಬದಲಾಯಿಸುವಾಗ: ನ್ಯಾಯವಾದ ದರವನ್ನು ನೀವೇ ಅಳೆಯುವ ಬಗೆ

ಪ್ರತಿ ವರ್ಷ ಬೇಸಗೆ ರಜೆ ಹತ್ತಿರವಾಗುತ್ತಿದ್ದಂತೆ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯದ ಕಡೆಯ ಓದುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಮಗನೋ ಮಗಳೋ ದುಬೈಯಲ್ಲಿ, ದೋಹಾದಲ್ಲಿ, ಮಸ್ಕತ್‌ನಲ್ಲಿ ಇದ್ದಾರೆ, ನಾವು ಒಂದು ತಿಂಗಳ ಮಟ್ಟಿಗೆ ಹೋಗಿ ಬರುವವರಿದ್ದೇವೆ, ಹಣವನ್ನು ಎಲ್ಲಿ ಬದಲಾಯಿಸಿದರೆ ಒಳ್ಳೆಯದು? ಉಮ್ರಾಕ್ಕೆ ಹೊರಟವರೂ ಥಾಯ್ಲೆಂಡ್ ಪ್ರವಾಸಕ್ಕೆ ಹೊರಟವರೂ ಕೇಳುವುದು ಇದನ್ನೇ. ಒಂದು ಅಂಗಡಿಯ ಹೆಸರು ಹೇಳಿ ಈ ಪ್ರಶ್ನೆಯನ್ನು ಮುಗಿಸಲು ಬರುವುದಿಲ್ಲ, ಏಕೆಂದರೆ ದರವು ದಿನದಿಂದ ದಿನಕ್ಕೆ, ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ. ಆದರೆ ನಿಮಗೆ ಹೇಳಿದ ದರ ನ್ಯಾಯವಾದುದೇ ಅಲ್ಲವೇ ಎಂಬುದನ್ನು ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ಅರ್ಧ ನಿಮಿಷದೊಳಗೆ ನೀವೇ ಅಳೆಯಬಹುದು. ಆ ಅಳತೆ ಕೈವಶವಾದರೆ ಅಂಗಡಿ ಕಾಸರಗೋಡಿನದಾದರೂ ಮಂಗಳೂರಿನದಾದರೂ ನೀವು ಮೋಸಹೋಗುವುದಿಲ್ಲ.

ಮೊದಲು ಕೈಯಲ್ಲಿರಬೇಕಾದವು: ಪಾಸ್‌ಪೋರ್ಟ್, ವೀಸಾ, ಟಿಕೇಟು, ಪಾನ್ ಕಾರ್ಡ್ ಮತ್ತು ಇವೆಲ್ಲದರ ಒಂದೊಂದು ಪ್ರತಿ. ಹಣ ಪಾವತಿಸಲು ನಿಮ್ಮದೇ ಹೆಸರಿನ ಬ್ಯಾಂಕ್ ಖಾತೆ ಇರಲಿ. ವಿನಿಮಯದ ಅಂಗಡಿಯಲ್ಲಿ 'ಎ2' ಎಂಬ ನಮೂನೆಗೆ ಸಹಿ ಮಾಡಿಸಿಕೊಳ್ಳುತ್ತಾರೆ. ವಿದೇಶಿ ಹಣವನ್ನು ಯಾವ ಉದ್ದೇಶಕ್ಕಾಗಿ ಕೊಳ್ಳುತ್ತಿದ್ದೀರಿ ಎಂದು ತಿಳಿಸುವ ಅರ್ಜಿ ಅದು, ಹೆದರಬೇಕಾದ ಕಾಗದವಲ್ಲ.

ಹಂತ 1: ನಡುದರವನ್ನು ಕಂಡುಕೊಳ್ಳಿ

ಅಡಿಕೆ ಅಂಗಡಿಯವರು ನಿಮ್ಮಿಂದ ಅಡಿಕೆ ಕೊಳ್ಳುವ ದರ ಒಂದು, ಅದನ್ನೇ ಮುಂದಕ್ಕೆ ಮಾರುವ ದರ ಇನ್ನೊಂದು. ಕರೆನ್ಸಿಯೂ ಹಾಗೆಯೇ. ಬ್ಯಾಂಕುಗಳು ತಮ್ಮತಮ್ಮೊಳಗೆ ದೊಡ್ಡ ಮೊತ್ತದಲ್ಲಿ ವ್ಯವಹರಿಸುವಾಗ ಇರುವ ಕೊಳ್ಳುವ ಮತ್ತು ಮಾರುವ ದರಗಳ ಮಧ್ಯಬಿಂದುವನ್ನು ನಡುದರ ಎನ್ನೋಣ. ಮೊಬೈಲಿನಲ್ಲಿ 'ಡಾಲರ್ ರೇಟ್' ಎಂದು ಹುಡುಕಿದಾಗ ಕಾಣುವ ಅಂಕಿ ಸಾಮಾನ್ಯವಾಗಿ ಈ ನಡುದರವೇ. ಆ ದರಕ್ಕೆ ನಿಮಗೆ ನೋಟುಗಳನ್ನು ಯಾರೂ ಕೊಡಲಾರರು, ಆದ್ದರಿಂದ "ಗೂಗಲ್‌ನಲ್ಲಿ ಇಷ್ಟಿದೆಯಲ್ಲ" ಎಂದು ಅಂಗಡಿಯಲ್ಲಿ ವಾದ ಮಾಡಿ ಪ್ರಯೋಜನವಿಲ್ಲ. ನಡುದರವು ನಿಮ್ಮ ಅಳತೆಗೋಲು ಮಾತ್ರ: ಹೇಳಿದ ದರ ಅದಕ್ಕಿಂತ ಎಷ್ಟು ದೂರದಲ್ಲಿದೆ ಎಂಬುದನ್ನು ನೋಡಬೇಕು.

ಗಲ್ಫಿಗೆ ಹೋಗುವವರಿಗೆ ಇಲ್ಲಿ ಒಂದು ಅನುಕೂಲವಿದೆ. ಅಲ್ಲಿನ ಹೆಚ್ಚಿನ ದೇಶಗಳು ತಮ್ಮ ಕರೆನ್ಸಿಯನ್ನು ಅಮೆರಿಕದ ಡಾಲರಿಗೆ ಸ್ಥಿರವಾಗಿ ಕಟ್ಟಿಹಾಕಿವೆ. ಒಂದು ಡಾಲರಿಗೆ ಯುಎಇ ದಿರ್ಹಮ್ 3.6725, ಸೌದಿ ರಿಯಾಲ್ 3.75, ಕತಾರ್ ರಿಯಾಲ್ 3.64, ಬಹರೈನ್ ದಿನಾರ್ 0.376, ಒಮಾನ್ ರಿಯಾಲ್ ಸುಮಾರು 0.3845. ಸೌದಿ ರಿಯಾಲ್ 1986ರಿಂದಲೂ ದಿರ್ಹಮ್ 1997ರಿಂದಲೂ ಇದೇ ಅಂಕಿಯಲ್ಲಿ ನಿಂತಿವೆ. ಹೀಗಾಗಿ ಆ ದಿನದ ಡಾಲರ್ ದರವೊಂದು ಗೊತ್ತಿದ್ದರೆ ಅದನ್ನು ಈ ಅಂಕಿಯಿಂದ ಭಾಗಿಸಿದರಾಯಿತು. ಲೆಕ್ಕಕ್ಕೆ ಸುಲಭವಾಗಲೆಂದು ಡಾಲರಿಗೆ 90 ರೂಪಾಯಿ ಎಂದಿಟ್ಟುಕೊಂಡರೆ ದಿರ್ಹಮಿನ ನಡುದರ 24.51, ಸೌದಿ ರಿಯಾಲಿನದು 24.00, ಕತಾರ್ ರಿಯಾಲಿನದು 24.73 ರೂಪಾಯಿ. ಕುವೈತ್ ದಿನಾರನ್ನು ಮಾತ್ರ 2007ರಿಂದ ಹಲವು ಕರೆನ್ಸಿಗಳ ಒಂದು ಗುಂಪಿಗೆ ಕಟ್ಟಲಾಗಿದೆ, ಅದರ ದರವನ್ನು ಪ್ರತ್ಯೇಕವಾಗಿಯೇ ನೋಡಿಕೊಳ್ಳಬೇಕು.

ಎಚ್ಚರಿಕೆ: 'ರಿಯಾಲ್' ಎಂದಷ್ಟೇ ಹೇಳಿ ದರ ಕೇಳಬೇಡಿ. ಸೌದಿ, ಕತಾರ್, ಒಮಾನ್ ಮೂರರ ಹಣಕ್ಕೂ ಅದೇ ಹೆಸರು. ಮೇಲಿನ ಲೆಕ್ಕದಲ್ಲಿ ಒಮಾನ್ ರಿಯಾಲ್ 234 ರೂಪಾಯಿ, ಅಂದರೆ ಸೌದಿ ರಿಯಾಲಿನ ಹತ್ತಿರ ಹತ್ತು ಪಟ್ಟು. ದೂರವಾಣಿಯಲ್ಲಿ ವಿಚಾರಿಸುವಾಗ ದೇಶದ ಹೆಸರನ್ನು ಸೇರಿಸಿಯೇ ಹೇಳಿ.

ಬ್ಯಾಂಕುಗಳು ಬೆಳಗ್ಗೆ ಪ್ರಕಟಿಸುವ ದರಪಟ್ಟಿಯೂ ಹಲವರನ್ನು ಗೊಂದಲಕ್ಕೆ ಸಿಲುಕಿಸುತ್ತದೆ. ಅದಕ್ಕೆ 'ಕಾರ್ಡ್ ರೇಟ್' ಎಂದು ಹೆಸರು, ಇಲ್ಲಿ ಕಾರ್ಡ್ ಎಂದರೆ ಪಟ್ಟಿ, ಎಟಿಎಂ ಕಾರ್ಡಲ್ಲ. ಅದರಲ್ಲಿ 'ಟಿಟಿ ಸೆಲ್ಲಿಂಗ್' ಎಂಬುದು ಖಾತೆಯಿಂದ ಖಾತೆಗೆ ಹಣ ಕಳುಹಿಸುವಾಗಿನ ದರ. ನೋಟು ಕೊಳ್ಳುವವರು ನೋಡಬೇಕಾದ ಅಂಕಣ 'ಕರೆನ್ಸಿ ಸೆಲ್ಲಿಂಗ್', ಮತ್ತು ಅದು ಯಾವಾಗಲೂ ಟಿಟಿ ದರಕ್ಕಿಂತ ಹೆಚ್ಚಿರುತ್ತದೆ. 'ಸೆಲ್ಲಿಂಗ್', 'ಬೈಯಿಂಗ್' ಎರಡೂ ಅಂಗಡಿಯ ಕಡೆಯಿಂದ ಹೇಳುವ ಮಾತು: ಅವರು ಮಾರುವುದು ನೀವು ಕೊಳ್ಳುವುದು.

ಹಂತ 2: ದರವನ್ನಲ್ಲ, ಒಟ್ಟು ಮೊತ್ತವನ್ನು ಕೇಳಿ

ಈ ಲೇಖನದಲ್ಲಿ ಒಂದನ್ನು ಮಾತ್ರ ನೆನಪಿಟ್ಟುಕೊಳ್ಳುವುದಾದರೆ ಈ ಹಂತವನ್ನು ನೆನಪಿಟ್ಟುಕೊಳ್ಳಿ. "ಕಮಿಷನ್ ಎಷ್ಟು?" ಎಂಬ ಪ್ರಶ್ನೆಗೆ "ಕಮಿಷನ್ ಇಲ್ಲವೇ ಇಲ್ಲ" ಎಂಬ ಉತ್ತರ ಬಂದರೆ ನಮ್ಮಲ್ಲಿ ಹೆಚ್ಚಿನವರು ಸಮಾಧಾನಪಡುತ್ತೇವೆ. ಆದರೆ ಅಂಗಡಿಯ ಲಾಭ ಕಮಿಷನ್ನಿನಲ್ಲಿ ಇರಲೇಬೇಕೆಂದಿಲ್ಲ, ದರದೊಳಗೇ ಅಡಗಿರಬಹುದು. ಆದ್ದರಿಂದ ಕೇಳಬೇಕಾದ ಪ್ರಶ್ನೆ ಹೀಗಿರಲಿ: "ನನಗೆ 2,000 ದಿರ್ಹಮ್ ನೋಟುಗಳು ಬೇಕು. ತೆರಿಗೆ, ಸೇವಾಶುಲ್ಕ ಎಲ್ಲ ಸೇರಿ ನಾನು ಕೊಡಬೇಕಾದದ್ದು ಒಟ್ಟು ಎಷ್ಟು ರೂಪಾಯಿ?"

ಡಾಲರ್ 90 ರೂಪಾಯಿ ಇರುವ ಅದೇ ದಿನದಲ್ಲಿ ಎರಡು ಅಂಗಡಿಗಳನ್ನು ಊಹಿಸಿಕೊಳ್ಳಿ. ನಡುದರದಲ್ಲಿ 2,000 ದಿರ್ಹಮಿನ ಬೆಲೆ 49,020 ರೂಪಾಯಿ. ಮೊದಲನೆಯ ಅಂಗಡಿ ಕಮಿಷನ್ ಇಲ್ಲ ಎನ್ನುತ್ತದೆ, ದರ 25.60. ಅಲ್ಲಿಗೆ 51,200, ಜಿಎಸ್‌ಟಿ 92 ಸೇರಿ 51,292 ರೂಪಾಯಿ. ಎರಡನೆಯದು 150 ರೂಪಾಯಿ ಸೇವಾಶುಲ್ಕ ಹಾಕುತ್ತದೆ, ದರ 24.95. ಅಲ್ಲಿ 49,900, ಶುಲ್ಕ 150, ಆ ಶುಲ್ಕದ ಮೇಲಿನ ಜಿಎಸ್‌ಟಿ 27, ವಿನಿಮಯದ ಮೇಲಿನ ಜಿಎಸ್‌ಟಿ 90, ಒಟ್ಟು 50,167 ರೂಪಾಯಿ. ಕಮಿಷನ್ ಪಡೆದ ಅಂಗಡಿಯಲ್ಲಿಯೇ ನಿಮಗೆ 1,125 ರೂಪಾಯಿ ಉಳಿಯಿತು. ನಡುದರಕ್ಕೆ ಹೋಲಿಸಿದರೆ ಮೊದಲನೆಯದರಲ್ಲಿ ನೀವು ಹೆಚ್ಚು ಕೊಟ್ಟದ್ದು ಶೇ. 4.6, ಎರಡನೆಯದರಲ್ಲಿ ಶೇ. 2.3.

ಎಷ್ಟರವರೆಗೆ ಒಪ್ಪಬಹುದು? ನನ್ನ ಅಭಿಪ್ರಾಯದಲ್ಲಿ ದಿರ್ಹಮ್, ಸೌದಿ ರಿಯಾಲ್, ಡಾಲರುಗಳಂತೆ ನಮ್ಮ ಕಡೆ ದಿನನಿತ್ಯ ಓಡಾಡುವ ನೋಟುಗಳಿಗೆ ಎಲ್ಲ ಸೇರಿ ಶೇ. 2ರ ಆಸುಪಾಸು ಸಿಕ್ಕಿದರೆ ತೆಗೆದುಕೊಳ್ಳಿ, ಶೇ. 3 ದಾಟಿದರೆ ಇನ್ನೊಂದು ಕಡೆ ವಿಚಾರಿಸಿ.

ಜಿಎಸ್‌ಟಿಯ ಲೆಕ್ಕವನ್ನೂ ತಿಳಿದಿರಿ. ತೆರಿಗೆ ನೀವು ಬದಲಾಯಿಸುವ ಪೂರ್ತಿ ಮೊತ್ತದ ಮೇಲಲ್ಲ. ಸಾಮಾನ್ಯವಾಗಿ ಬಳಸುವ ವಿಧಾನದಲ್ಲಿ 1 ಲಕ್ಷ ರೂಪಾಯಿವರೆಗಿನ ವ್ಯವಹಾರದ ಶೇ. 1ರಷ್ಟನ್ನು, ಕನಿಷ್ಠ 250 ರೂಪಾಯಿಯನ್ನು, ಸೇವೆಯ ಬೆಲೆ ಎಂದು ಪರಿಗಣಿಸಿ ಅದರ ಮೇಲೆ ಶೇ. 18 ತೆರಿಗೆ ಹಾಕುತ್ತಾರೆ. 1 ಲಕ್ಷಕ್ಕೆ ತೆರಿಗೆ 180 ರೂಪಾಯಿ, ಎಷ್ಟೇ ಸಣ್ಣ ವ್ಯವಹಾರವಾದರೂ 45 ರೂಪಾಯಿ. ಇದಕ್ಕಿಂತ ಬಹಳ ಹೆಚ್ಚಿನ ಮೊತ್ತವನ್ನು ರಸೀದಿಯಲ್ಲಿ ಜಿಎಸ್‌ಟಿ ಎಂದು ಬರೆದಿದ್ದರೆ ಕೇಳಿ. ಐದೈದು ಸಾವಿರ ರೂಪಾಯಿಯಂತೆ ನಾಲ್ಕು ಸಲ ಬದಲಾಯಿಸಿದರೆ 45 ರೂಪಾಯಿಯನ್ನು ನಾಲ್ಕು ಸಲ ಕೊಟ್ಟಂತಾಗುತ್ತದೆ, ಒಂದೇ ಸಲಕ್ಕೆ ಕೊಳ್ಳಿ.

ಹಂತ 3: ನಗದು ಎಷ್ಟು, ಕಾರ್ಡಿನಲ್ಲಿ ಎಷ್ಟು ಎಂದು ನಿರ್ಧರಿಸಿ

ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಂತೆ ಇಲ್ಲಿನ ನಿವಾಸಿಯೊಬ್ಬರು ಒಂದು ಹಣಕಾಸು ವರ್ಷದಲ್ಲಿ ಎಲ್ಲ ಉದ್ದೇಶಗಳಿಗೆ ಸೇರಿ 2,50,000 ಡಾಲರುಗಳಷ್ಟನ್ನು ಹೊರದೇಶಕ್ಕೆ ಒಯ್ಯಬಹುದು ಅಥವಾ ಕಳುಹಿಸಬಹುದು. ಆದರೆ ನೋಟುಗಳ ರೂಪದಲ್ಲಿ ಪ್ರತಿ ಪಯಣಕ್ಕೆ ಸಿಗುವುದು ಹೆಚ್ಚಿನ ದೇಶಗಳಿಗೆ 3,000 ಡಾಲರಿನಷ್ಟು ಮಾತ್ರ, ದಿರ್ಹಮಿನಲ್ಲಿ ಹೇಳುವುದಾದರೆ ಸುಮಾರು 11,000. ಹಜ್ ಮತ್ತು ಉಮ್ರಾ ಯಾತ್ರಿಗಳಿಗೆ ಈ ಮಿತಿಯಲ್ಲಿ ರಿಯಾಯಿತಿ ಇದೆ. ಮಗನ ಮನೆಯಲ್ಲಿ ಉಳಿಯುವವರಿಗೆ ಇಷ್ಟೊಂದು ನಗದು ಬೇಕಾಗುವುದೂ ಇಲ್ಲ: ಟ್ಯಾಕ್ಸಿ, ಸಣ್ಣ ಅಂಗಡಿ, ಮೊದಲ ಎರಡು ದಿನಗಳ ಖರ್ಚಿಗೆ ನೋಟು, ಉಳಿದದ್ದು ಕಾರ್ಡಿನಲ್ಲಿ ಎಂಬ ಕ್ರಮ ಸಾಕು.

ಕೊಡುವ ರೂಪಾಯಿ 50,000 ತಲುಪಿದರೆ ಅಥವಾ ದಾಟಿದರೆ ನಗದಾಗಿ ಕೊಡುವಂತಿಲ್ಲ. ಚೆಕ್, ಕಾರ್ಡ್ ಅಥವಾ ಬ್ಯಾಂಕ್ ಮೂಲಕವೇ ಪಾವತಿಸಬೇಕು. ಅಡಿಕೆ ಮಾರಿದ ನಗದನ್ನು ಹಿಡಿದುಕೊಂಡು ನೇರವಾಗಿ ಪೇಟೆಗೆ ಹೋದವರು ಇಲ್ಲಿ ಸಿಕ್ಕಿಬೀಳುತ್ತಾರೆ. ಎರಡು ದಿನ ಮೊದಲೇ ಖಾತೆಗೆ ತುಂಬಿ.

ವರ್ಷದಲ್ಲಿ 10 ಲಕ್ಷ ರೂಪಾಯಿ ದಾಟಿದ ಮೊತ್ತದ ಮೇಲೆ ಟಿಸಿಎಸ್, ಅಂದರೆ ಮೂಲದಲ್ಲೇ ಸಂಗ್ರಹಿಸುವ ತೆರಿಗೆ, ಶೇ. 20ರಂತೆ ಬೀಳುತ್ತದೆ. ಈ 10 ಲಕ್ಷದ ಗಡಿ 2025ರ ಏಪ್ರಿಲ್ 1ರಿಂದ ಬಂದದ್ದು. ಹಾಗೆ ಕಡಿತವಾದರೂ ಆದಾಯ ತೆರಿಗೆಯ ವಿವರ ಸಲ್ಲಿಸುವಾಗ ಅದನ್ನು ಹೊಂದಿಸಿಕೊಳ್ಳಬಹುದು.

ಹಂತ 4: ಅಧಿಕೃತ ಅಂಗಡಿಯಲ್ಲೇ ಕೊಳ್ಳಿ, ರಸೀದಿ ಪಡೆಯಿರಿ

ವಿದೇಶಿ ಹಣ ಮಾರಲು ರಿಸರ್ವ್ ಬ್ಯಾಂಕಿನ ಪರವಾನಗಿ ಬೇಕು. ಬ್ಯಾಂಕುಗಳಿಗೆ ಅದು ಇರುತ್ತದೆ. ಖಾಸಗಿ ವಿನಿಮಯ ಅಂಗಡಿಗಳು 'ಎಫ್‌ಎಫ್‌ಎಂಸಿ', ಅಂದರೆ ಪೂರ್ಣಪ್ರಮಾಣದ ಹಣ ವಿನಿಮಯಗಾರರು, ಎಂಬ ವರ್ಗದಲ್ಲಿ ಪರವಾನಗಿ ಪಡೆದಿರಬೇಕು. ಪರವಾನಗಿಯ ಪ್ರತಿಯೂ ದಿನದ ದರಪಟ್ಟಿಯೂ ಗೋಡೆಯ ಮೇಲೆ ಕಾಣಬೇಕು. ಕಾಣದಿದ್ದರೆ ತೋರಿಸಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ನಮ್ಮ ಜಿಲ್ಲೆಯಲ್ಲಿ ಬಹಳ ಸಹಜವೆಂಬಂತೆ ನಡೆಯುವ ಎರಡು ರೂಢಿಗಳ ಬಗ್ಗೆ ಸ್ಪಷ್ಟವಾಗಿ ಹೇಳಲೇಬೇಕು. ಒಂದು, ಗಲ್ಫಿನಿಂದ ರಜೆಗೆ ಬಂದ ನೆರೆಯವರಿಂದಲೋ ಪರಿಚಿತರಿಂದಲೋ ದಿರ್ಹಮ್ ಕೊಂಡುಕೊಳ್ಳುವುದು. ಇನ್ನೊಂದು, "ನೀವು ಅಲ್ಲಿಗೆ ತಲುಪಿದ ಮೇಲೆ ನಮ್ಮವರು ದಿರ್ಹಮ್ ಕೊಡುತ್ತಾರೆ, ಇಲ್ಲಿ ನಮಗೆ ರೂಪಾಯಿ ಕೊಟ್ಟರೆ ಸಾಕು" ಎಂಬ ಏರ್ಪಾಡು. ದರ ಎಷ್ಟೇ ಆಕರ್ಷಕವಾಗಿರಲಿ, ಎರಡೂ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ 1999ಕ್ಕೆ ವಿರುದ್ಧ. ಎರಡನೆಯದಕ್ಕೆ ಎಲ್ಲರೂ ಬಲ್ಲ ಹೆಸರು ಹವಾಲಾ. ಆ ಕಾಯ್ದೆಯಂತೆ ದಂಡವು ವ್ಯವಹಾರದ ಮೊತ್ತದ ಮೂರು ಪಟ್ಟಿನವರೆಗೆ ಹೋಗಬಹುದು. ಅದರ ಜೊತೆಗೆ ಖೋಟಾ ನೋಟು ಬಂದರೆ ದೂರುವುದಕ್ಕೆ ರಸೀದಿಯೂ ಇರುವುದಿಲ್ಲ. ಮಗ ಅಲ್ಲಿ ತನ್ನ ಸಂಪಾದನೆಯಿಂದ ನಿಮ್ಮ ಖರ್ಚನ್ನು ನೋಡಿಕೊಳ್ಳುವುದರಲ್ಲಿ ಮಾತ್ರ ಯಾವ ತಪ್ಪೂ ಇಲ್ಲ. ಅದಕ್ಕೆ ಪ್ರತಿಯಾಗಿ ಇಲ್ಲಿ ಮೂರನೆಯವರಿಗೆ ರೂಪಾಯಿ ಕೊಡುವ ಮಾತು ಬಂದಾಗ ಅದು ಬೇರೆಯೇ ವಿಷಯವಾಗುತ್ತದೆ.

ಹಂತ 5: ಮೂರು ಕಡೆ ವಿಚಾರಿಸಿ, ವಿಮಾನ ನಿಲ್ದಾಣಕ್ಕೆ ಬಿಡಬೇಡಿ

ಕಾಸರಗೋಡು ಪೇಟೆ, ಹೊಸದುರ್ಗ, ಮಂಗಳೂರು ಎಂದು ನಮಗೆ ಆಯ್ಕೆಗಳು ಸಾಕಷ್ಟಿವೆ. ಗಲ್ಫಿನ ಹಣ ಇಲ್ಲಿಗೆ ಸದಾ ಬರುತ್ತಿರುವುದರಿಂದ ಅಂಗಡಿಗಳಿಗೆ ದಿರ್ಹಮ್, ರಿಯಾಲುಗಳನ್ನು ದೂರದಿಂದ ತರಿಸಬೇಕಾಗಿಲ್ಲ. ಇದು ಒಳನಾಡಿನ ಸಣ್ಣ ಪಟ್ಟಣಗಳಿಗೆ ಇಲ್ಲದ ಅನುಕೂಲ. ಹೊರಡುವುದಕ್ಕೆ ಒಂದು ವಾರ ಮೊದಲು, ಸೋಮವಾರದಿಂದ ಶುಕ್ರವಾರದೊಳಗಿನ ಒಂದು ಹಗಲು, ಅರ್ಧ ಗಂಟೆಯೊಳಗೆ ಮೂರು ಕಡೆಗೆ ಕರೆ ಮಾಡಿ ಅದೇ ಪ್ರಶ್ನೆಯನ್ನು ಕೇಳಿ. ಬೆಳಗ್ಗೆ ಒಂದು ಕಡೆ, ಮರುದಿನ ಇನ್ನೊಂದು ಕಡೆ ಕೇಳಿದರೆ ಹೋಲಿಕೆಗೆ ಅರ್ಥವಿರುವುದಿಲ್ಲ. ಶನಿವಾರ, ಭಾನುವಾರಗಳಲ್ಲಿ ಕರೆನ್ಸಿ ಮಾರುಕಟ್ಟೆ ಮುಚ್ಚಿರುವುದರಿಂದ ಸೋಮವಾರದ ಏರುಪೇರಿಗೆ ರಕ್ಷಣೆಯೆಂದು ಅಂಗಡಿಯವರು ಸ್ವಲ್ಪ ಹೆಚ್ಚು ಅಂತರ ಇಟ್ಟುಕೊಳ್ಳುವುದುಂಟು. "ಒಬ್ಬರು ಇಷ್ಟಕ್ಕೆ ಕೊಡುತ್ತೇನೆ ಎಂದಿದ್ದಾರೆ" ಎಂದು ಸತ್ಯವನ್ನೇ ಹೇಳಿದರೆ ಹತ್ತಿಪ್ಪತ್ತು ಪೈಸೆ ಇಳಿಸುವವರೂ ಇದ್ದಾರೆ. 2,000 ದಿರ್ಹಮಿಗೆ ಇಪ್ಪತ್ತು ಪೈಸೆ ಎಂದರೆ 400 ರೂಪಾಯಿ.

ರೂಪಾಯಿ ನಾಳೆ ಬಲಗೊಳ್ಳಬಹುದೆಂದು ಕಾದು ಕುಳಿತುಕೊಳ್ಳುವುದನ್ನು ನಾನು ಸಲಹೆ ಮಾಡುವುದಿಲ್ಲ. ಒಂದು ವಾರದ ಏರಿಳಿತವನ್ನು ಮುಂಚಿತವಾಗಿ ಹೇಳಬಲ್ಲವರಿಲ್ಲ, ಅಂಗಡಿಗಳ ನಡುವಿನ ವ್ಯತ್ಯಾಸವಾದರೋ ಇಂದೇ ಕಣ್ಣೆದುರಿಗಿದೆ.

ವಿಮಾನ ನಿಲ್ದಾಣದ ಕೌಂಟರನ್ನು ಕೊನೆಯ ದಾರಿಯೆಂದು ತಿಳಿಯಿರಿ. ಬಾಡಿಗೆ ಹೆಚ್ಚು, ಪೈಪೋಟಿ ಕಡಿಮೆ, ಮುಂದೆ ನಿಂತವರಿಗೆ ಬೇರೆ ದಾರಿ ಇಲ್ಲ. ನನ್ನ ಮೊದಲ ಪಯಣದಲ್ಲಿ ಅಂಥ ಒಂದು ಕೌಂಟರಿನಲ್ಲಿ ದರವನ್ನೇ ಕೇಳದೆ ನೋಟು ತೆಗೆದುಕೊಂಡೆ, ವಿಮಾನದೊಳಗೆ ಕುಳಿತು ರಸೀದಿಯನ್ನು ಭಾಗಿಸಿ ನೋಡಿದಾಗ ನಡುದರಕ್ಕಿಂತ ಹತ್ತಿರ ಹತ್ತನೇ ಒಂದು ಭಾಗ ಹೆಚ್ಚು ತೆತ್ತಿದ್ದೆ. ಅನಿವಾರ್ಯವಾದರೆ ಟ್ಯಾಕ್ಸಿಗೆ ಬೇಕಾದಷ್ಟನ್ನು ಮಾತ್ರ ಅಲ್ಲಿ ಪಡೆಯಿರಿ.

ಹಂತ 6: ನೋಟುಗಳನ್ನು ಕೌಂಟರಿನಲ್ಲೇ ಪರಿಶೀಲಿಸಿ

ಎಣಿಸುವುದರ ಜೊತೆಗೆ ನೋಟಿನ ಸ್ಥಿತಿಯನ್ನೂ ನೋಡಿ. ಡಾಲರ್ ನೋಟು ಹರಿದಿದ್ದರೆ, ಅದರ ಮೇಲೆ ಶಾಯಿ ಅಥವಾ ಮುದ್ರೆ ಇದ್ದರೆ, ಚಿಕ್ಕ ಭಾವಚಿತ್ರದ ಹಳೆಯ ಸರಣಿಯದಾಗಿದ್ದರೆ ಹಲವು ದೇಶಗಳ ವಿನಿಮಯಗಾರರು ನಿರಾಕರಿಸುತ್ತಾರೆ ಅಥವಾ ಕಡಿಮೆ ದರ ಕೊಡುತ್ತಾರೆ. ಅಂಥದ್ದನ್ನು ಆಗಲೇ ಬದಲಾಯಿಸಿಕೊಳ್ಳಿ.

ಮನೆಯ ಕಪಾಟಿನಲ್ಲಿ ಹಿಂದೊಮ್ಮೆ ಉಳಿದ ಪೌಂಡುಗಳಿದ್ದರೆ ಗಮನಿಸಿ: ಬ್ಯಾಂಕ್ ಆಫ್ ಇಂಗ್ಲೆಂಡಿನ ಕಾಗದದ 20 ಮತ್ತು 50 ಪೌಂಡಿನ ನೋಟುಗಳು 2022ರ ಸೆಪ್ಟೆಂಬರ್ 30ರ ನಂತರ ಚಲಾವಣೆಯಲ್ಲಿಲ್ಲ. ಅವುಗಳಿಂದ ಅಲ್ಲಿನ ಅಂಗಡಿಯಲ್ಲಿ ಏನನ್ನೂ ಕೊಳ್ಳಲಾಗದು, ಆದರೆ ಬ್ಯಾಂಕ್ ಆಫ್ ಇಂಗ್ಲೆಂಡ್ ಅವುಗಳನ್ನು ಈಗಲೂ ಬದಲಾಯಿಸಿಕೊಡುತ್ತದೆ.

ಹಂತ 7: ಕಾರ್ಡನ್ನು ಸಿದ್ಧಗೊಳಿಸಿ, ಅಲ್ಲಿ ಯಂತ್ರ ಕೇಳುವ ಪ್ರಶ್ನೆಗೆ ಸರಿಯಾಗಿ ಉತ್ತರಿಸಿ

ನಿತ್ಯ ಬಳಸುವ ಡೆಬಿಟ್, ಕ್ರೆಡಿಟ್ ಕಾರ್ಡುಗಳು ಹೊರದೇಶದಲ್ಲಿ ತಾವಾಗಿ ಕೆಲಸ ಮಾಡುವುದಿಲ್ಲ. ರಿಸರ್ವ್ ಬ್ಯಾಂಕಿನ 2020ರ ನಿಯಮದಂತೆ ಅಂತರರಾಷ್ಟ್ರೀಯ ಬಳಕೆಯನ್ನು ನೀವೇ ಬ್ಯಾಂಕಿನ ಆ್ಯಪ್‌ನಲ್ಲಿ ಅಥವಾ ಶಾಖೆಯಲ್ಲಿ ತೆರೆಯಿಸಬೇಕು. ಆ ಹೊತ್ತಿಗೆ 'ಮಾರ್ಕಪ್' ಎಷ್ಟೆಂದೂ ಕೇಳಿ. ವಿದೇಶಿ ವ್ಯವಹಾರಕ್ಕೆ ಬ್ಯಾಂಕು ಸೇರಿಸುವ ಹೆಚ್ಚುವರಿ ಶುಲ್ಕ ಅದು, ಹಲವು ಕಾರ್ಡುಗಳಲ್ಲಿ ಶೇ. 2ರಿಂದ 3.5. ಶೇ. 3.5 ಮಾರ್ಕಪ್, ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿದರೆ 1,000 ದಿರ್ಹಮಿನ ಬಿಲ್ಲಿಗೆ ನಮ್ಮ ಉದಾಹರಣೆಯ ದರದಲ್ಲಿ 1,012 ರೂಪಾಯಿ ಹೆಚ್ಚುವರಿ ಹೋಗುತ್ತದೆ. ಮಾರ್ಕಪ್ ಇಲ್ಲದ ಕಾರ್ಡುಗಳೂ ಇವೆ. ವರ್ಷಕ್ಕೊಮ್ಮೆಯಾದರೂ ಹೋಗುವವರು ಅಂಥದ್ದೊಂದನ್ನು ಇಟ್ಟುಕೊಳ್ಳುವುದು ಒಳ್ಳೆಯದು.

ಫಾರೆಕ್ಸ್ ಕಾರ್ಡ್ ಎಂಬುದು ಬೇರೆ: ಮೊದಲೇ ವಿದೇಶಿ ಹಣವನ್ನು ತುಂಬಿಸಿಕೊಂಡು ಹೋಗುವ ಕಾರ್ಡ್. ತುಂಬಿಸಿದ ದಿನದ ದರವೇ ಕೊನೆಯವರೆಗೂ ನಿಲ್ಲುತ್ತದೆ. ಯಾವ ದೇಶಕ್ಕೆ ಹೋಗುತ್ತೀರೋ ಆ ದೇಶದ ಕರೆನ್ಸಿಯನ್ನೇ ತುಂಬಿಸಿ. ಡಾಲರ್ ತುಂಬಿಸಿದ ಕಾರ್ಡಿನಿಂದ ದಿರ್ಹಮ್ ಪಾವತಿಸಿದರೆ ಎರಡನೆಯ ಪರಿವರ್ತನೆಗೆ ಮತ್ತೊಂದು ಶುಲ್ಕ ಬೀಳುತ್ತದೆ.

ಇನ್ನು ಅತಿ ಹೆಚ್ಚು ಜನ ಎಡವುವ ಜಾಗ. ಶಾರ್ಜಾದ ಅಂಗಡಿಯಲ್ಲಿ ಕಾರ್ಡ್ ಒಡ್ಡಿದಾಗ ಯಂತ್ರದ ಪರದೆಯ ಮೇಲೆ ಎರಡು ಮೊತ್ತಗಳು ಕಾಣಿಸುತ್ತವೆ, ಒಂದು ದಿರ್ಹಮಿನಲ್ಲಿ, ಇನ್ನೊಂದು ರೂಪಾಯಿಯಲ್ಲಿ. ಪರಿಚಿತ ರೂಪಾಯಿಯನ್ನು ಕಂಡು ಕೈ ಅತ್ತ ಹೋಗುವುದು ಸಹಜ. ಹಾಗೆ ಮಾಡಬೇಡಿ. ರೂಪಾಯಿಯನ್ನು ಆರಿಸಿದರೆ ಪರಿವರ್ತನೆಯನ್ನು ಅಂಗಡಿಯ ಕಡೆಯ ಸಂಸ್ಥೆ ತನ್ನ ದರದಲ್ಲಿ ಮಾಡುತ್ತದೆ, ಆ ದರ ಸಾಮಾನ್ಯವಾಗಿ ನಿಮ್ಮ ಬ್ಯಾಂಕಿನದಕ್ಕಿಂತ ಬಹಳ ಕೆಟ್ಟದಾಗಿರುತ್ತದೆ. ಅದರ ಮೇಲೆ ಕೆಲವು ಬ್ಯಾಂಕುಗಳು ಪ್ರತ್ಯೇಕ ಶುಲ್ಕವನ್ನೂ ಹಾಕುತ್ತವೆ. ಇದಕ್ಕೆ 'ಡಿಸಿಸಿ' ಎನ್ನುತ್ತಾರೆ. ಯಾವಾಗಲೂ ಆ ದೇಶದ ಕರೆನ್ಸಿಯನ್ನೇ ಒತ್ತಿ. ಅಂಗಡಿಯವರು ನಿಮ್ಮನ್ನು ಕೇಳದೆ ತಾವೇ ಒತ್ತಿದ್ದರೆ ಪಿನ್ ಹಾಕುವ ಮೊದಲು ರದ್ದು ಮಾಡಿಸಿ. ಎಟಿಎಂನಲ್ಲಿಯೂ "ಪರಿವರ್ತನೆಯೊಂದಿಗೆ", "ಪರಿವರ್ತನೆಯಿಲ್ಲದೆ" ಎಂಬ ಅರ್ಥದ ಆಯ್ಕೆ ಬಂದಾಗ ಎರಡನೆಯದನ್ನೇ ಆರಿಸಿ, ಹಣ ನಿಮ್ಮ ಕೈಗೆ ಬಂದೇ ಬರುತ್ತದೆ.

ಕ್ರೆಡಿಟ್ ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆಯಬೇಡಿ. ಶುಲ್ಕದ ಜೊತೆಗೆ ಅಂದಿನಿಂದಲೇ ಬಡ್ಡಿ ಏರುತ್ತದೆ. ಯುಎಇ, ಸಿಂಗಾಪುರ, ಶ್ರೀಲಂಕಾ ಮುಂತಾದೆಡೆ ಕೆಲವು ಅಂಗಡಿಗಳಲ್ಲಿ ಯುಪಿಐ ಕೂಡ ನಡೆಯುತ್ತದೆ. ಅಲ್ಲಿಯೂ ಪಿನ್ ಹಾಕುವ ಮೊದಲು ಆ್ಯಪ್ ತೋರಿಸುವ ರೂಪಾಯಿ ಮೊತ್ತವನ್ನು ನಡುದರದೊಂದಿಗೆ ಹೋಲಿಸಿ.

ಹಂತ 8: ಗಲ್ಫಿನ ಹೊರಗೆ ಹೋಗುವವರು ಎರಡು ದಾರಿಗಳನ್ನೂ ಲೆಕ್ಕ ಹಾಕಿ

ಥಾಯ್ಲೆಂಡಿನ ಬಾತ್, ವಿಯೆಟ್ನಾಮಿನ ಡಾಂಗ್‌ನಂತಹ ನೋಟುಗಳಿಗೆ ನಮ್ಮ ಪೇಟೆಗಳಲ್ಲಿ ಗಿರಾಕಿಗಳು ಕಡಿಮೆ, ಆದ್ದರಿಂದ ದರದಲ್ಲಿ ಅಂತರ ಹೆಚ್ಚು. ಇಲ್ಲಿ ಡಾಲರ್ ಕೊಂಡು ಅಲ್ಲಿ ಬದಲಾಯಿಸುವುದು ಹಲವು ಸಲ ಮೇಲು. ಇಲ್ಲಿ ನೇರವಾಗಿ ಬಾತ್ ಕೊಳ್ಳಲು ನಡುದರಕ್ಕಿಂತ ಶೇ. 6 ಹೆಚ್ಚು ಹೇಳುತ್ತಾರೆ, ಡಾಲರಿಗೆ ಶೇ. 2, ಅಲ್ಲಿ ಡಾಲರಿನಿಂದ ಬಾತ್‌ಗೆ ಶೇ. 1 ಎಂದಾದರೆ ಎರಡು ಸಲ ಬದಲಾಯಿಸಿಯೂ ನಿಮಗೆ ಶೇ. 3 ಉಳಿಯುತ್ತದೆ. ಥಾಯ್ಲೆಂಡಿನಲ್ಲಿ 100 ಮತ್ತು 50 ಡಾಲರಿನ ನೋಟುಗಳಿಗೆ ಚಿಕ್ಕ ನೋಟುಗಳಿಗಿಂತ ಉತ್ತಮ ದರ ಕೊಡುವ ರೂಢಿಯಿದೆ, ದೊಡ್ಡ ನೋಟುಗಳನ್ನೇ ಕೇಳಿ ಪಡೆಯಿರಿ. ಗಲ್ಫಿನ ಕರೆನ್ಸಿಗಳಿಗೆ ಈ ದಾರಿ ಬೇಡ, ಅವು ಇಲ್ಲಿಯೇ ಸುಲಭವಾಗಿ ಸಿಗುತ್ತವೆ.

ಭಾರತದ ರೂಪಾಯಿ ನೋಟುಗಳನ್ನು ಹೊರಗೆ ಒಯ್ಯುವ ಮಿತಿ ಸಾಮಾನ್ಯವಾಗಿ 25,000 ರೂಪಾಯಿ ಎಂಬುದನ್ನು ಮರೆಯಬೇಡಿ.

ಹಂತ 9: ಉಳಿದ ಹಣವನ್ನು ಮರಳಿಸುವುದು

ಮರಳಿ ಮಾರುವಾಗ 'ಬೈಯಿಂಗ್' ದರ ಅನ್ವಯಿಸುತ್ತದೆ, ಅದು ನಡುದರಕ್ಕಿಂತ ಕಡಿಮೆ. ಕೊಳ್ಳುವಾಗ ಒಂದು ನಷ್ಟ, ಮಾರುವಾಗ ಇನ್ನೊಂದು ನಷ್ಟ, ಜಿಎಸ್‌ಟಿಯೂ ಮತ್ತೊಮ್ಮೆ. ಆದ್ದರಿಂದ ಕೊನೆಯ ಎರಡು ದಿನಗಳಲ್ಲಿ ಕಾರ್ಡನ್ನು ಒಳಗಿಟ್ಟು ನೋಟುಗಳನ್ನೇ ಖರ್ಚು ಮಾಡಿ. ನಾಣ್ಯಗಳನ್ನು ಮೊದಲು ಮುಗಿಸಿ, ಏಕೆಂದರೆ ಅವುಗಳನ್ನು ಇಲ್ಲಿನ ವಿನಿಮಯ ಅಂಗಡಿಗಳು ಸಾಮಾನ್ಯವಾಗಿ ಕೊಳ್ಳುವುದಿಲ್ಲ.

ಮತ್ತೆ ಹೋಗುವ ಯೋಚನೆಯಿದ್ದರೆ 2,000 ಡಾಲರಿನಷ್ಟು ಬೆಲೆಯ ನೋಟುಗಳನ್ನು ಮನೆಯಲ್ಲಿ ಇಟ್ಟುಕೊಳ್ಳಲು ನಿಯಮವೇ ಅವಕಾಶ ಕೊಡುತ್ತದೆ, ಅದಕ್ಕಿಂತ ಹೆಚ್ಚಿದ್ದರೆ ಮರಳಿ ಬಂದ 180 ದಿನಗಳೊಳಗೆ ಅಧಿಕೃತ ಅಂಗಡಿಗೆ ಮಾರಬೇಕು. ಕೊಂಡಾಗ ಪಡೆದ ರಸೀದಿಯನ್ನು ಪಾಸ್‌ಪೋರ್ಟಿನ ಜೊತೆಗೇ ಇಟ್ಟಿರಿ, ಮರಳಿ ಮಾರುವಾಗ ಹಣ ಎಲ್ಲಿಯದೆಂದು ಕೇಳಿದರೆ ತೋರಿಸಬೇಕಾಗುತ್ತದೆ. ಮಾರುವಾಗಲೂ ಮೂರು ಕಡೆ ವಿಚಾರಿಸಿ, "ಇಷ್ಟು ದಿರ್ಹಮಿಗೆ ಎಲ್ಲ ಕಳೆದು ನನ್ನ ಕೈಗೆ ಎಷ್ಟು ರೂಪಾಯಿ?" ಎಂದೇ ಕೇಳಿ.